ಕರೆಯದ ಕರೆಯೋಲೆ: ಯೆಹೂದ್ಯರಲ್ಲಿ ಪುತ್ರೋತ್ಸವದ ಪ್ರಕಟಣೆ

ಮದುವೆ, ಉಪನಯನ, ನಾಮಕರಣಗಳು ನಡೆಯುವ ಮನೆಯಿಂದ ನಮಗೆ ಬರುವ ಪತ್ರಿಕೆಯ ಭಾಷೆ ಶ್ರೋತೃಗಳೆಲ್ಲರಿಗೂ ಪರಿಚಿತವಾದುದು. ತಾವು ಸಕುಟುಂಬ ಪರಿವಾರ ಸಮೇತರಾಗಿ ದಯಮಾಡಿಸಿ ನಮ್ಮನ್ನು ಆನಂದಪಡಿಸಬೇಕೆಂದು ಅದರಲ್ಲಿ ಬಿನ್ನಹವಿರುತ್ತದೆ. ಕೆಳಗೆ ಆಗಮನಾಭಿಲಾಷಿಗಳೆಂದು ಬಂಧುಗಳ ಹೆಸರುಗಳ ಸಾಲಿರುತ್ತದೆ. ಪತ್ರಿಕೆ ಬಂದರೂ ಸಾಲದು; ಮನೆಯವರೇ ಬಂದು, ಅರಿಶಿನ ಕುಂಕುಮ ಕೊಟ್ಟು, ಬಾಯಲ್ಲಿ ಕರೆದರೇ ಕರೆದಂತೆ. ಕರೆಯುವುದರಲ್ಲಿ ಒಂದು ಮಾತು ಕಡಿಮೆಯಾದರೆ ಅದನ್ನು ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿರುವ ಅತ್ತೆಯರೂ ಮಾವಂದಿರೂ ನಮ್ಮ ಪ್ರತಿಯೊಂದು ವಂಶದಲ್ಲಿಯೂ ಇದ್ದಾರೆ. ಇಂಥ ನಮಗೆ, ಕರೆಯಲೇಬಾರದೆಂದು ಎಣಿಕೆಮಾಡಿ, ಕರೆಯುವ ಶಬ್ದವೊಂದೂ ನುಸುಳದ ಹಾಗೆ ಎಚ್ಚರವಹಿಸಿ ಬರೆಯುವ ಪತ್ರಿಕೆಯೊಂದು ಲೋಕದಲ್ಲಿದೆಯೆಂದರೆ ಆಶ್ಚರ್ಯವೆನಿಸಬಹುದು.

ಯೆಹೂದ್ಯರಲ್ಲಿ, ವಿಶೇಷವಾಗಿ ಯೂರೋಪಿನ ಸಂಪ್ರದಾಯವನ್ನು ಅನುಸರಿಸುವ ಆಚಾರವಂತರ ಮನೆಗಳಲ್ಲಿ, ಗಂಡು ಮಗು ಹುಟ್ಟಿದಾಗ ಹೊರಡುವ ಪ್ರಕಟಣೆ ಅಂಥದು. ಅದರ ಮಾದರಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ: "ದೇವರ ಕೃಪೆಯಿಂದ ನಮಗೆ ಗಂಡು ಮಗು ಜನಿಸಿರುವುದನ್ನು ಸಂತೋಷದಿಂದ ತಿಳಿಯಪಡಿಸುತ್ತೇವೆ. ಶಾಲೋಮ್ ಜಾಖಾರ್ ಈ ಶುಕ್ರವಾರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ. ಬ್ರಿತ್ ಮಿಲಾ, ದೈವೇಚ್ಛೆಯಿದ್ದರೆ, ಸಕಾಲದಲ್ಲಿ, ಬರುವ ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೇ ಸಭಾಮಂದಿರದಲ್ಲಿ ನಡೆಯುವುದು." ಇಷ್ಟೇ. ದಯಮಾಡಿಸಬೇಕೆಂಬ ಬಿನ್ನಹವಿಲ್ಲ, ನಿಮ್ಮ ಆಗಮನವನ್ನು ನಿರೀಕ್ಷಿಸುತ್ತೇವೆಂಬ ಮಾತಿಲ್ಲ, ಮಗುವಿನ ಹೆಸರೂ ಇಲ್ಲ. ದಿನವನ್ನು ಹೇಳಿದ್ದರೂ ಅದರ ಮುಂದೆ ದೈವೇಚ್ಛೆಯ ತಡೆಯೊಂದನ್ನು ಇಟ್ಟಿದೆ. ಓದಿದವರಿಗೆ ಬಿಗುಮಾನದ ಮನೆತನವೆನ್ನಿಸಬೇಕು. ನಿಜವಾಗಿ ಹಾಗಲ್ಲ. ಈ ಪತ್ರಿಕೆಯಲ್ಲಿ ಬರೆದಿರುವುದಕ್ಕಿಂತ ಬರೆಯದೆ ಬಿಟ್ಟಿರುವುದಕ್ಕೆ ಹೆಚ್ಚಿನ ಚರಿತ್ರೆಯಿದೆ.

ಮೊದಲು ಸಮಾರಂಭಗಳ ವಿಷಯವನ್ನು ಸ್ವಲ್ಪದರಲ್ಲಿ ತಿಳಿಸಿಬಿಡುತ್ತೇನೆ. ಹುಟ್ಟಿದ ಎಂಟನೆಯ ದಿನ ಗಂಡು ಮಗುವಿಗೆ ಸುನ್ನತಿಯಾಗಬೇಕೆಂಬುದು ಬೈಬಲಿನ ಆದಿಕಾಂಡದ 17ನೆಯ ಅಧ್ಯಾಯದಲ್ಲಿ ಅಬ್ರಹಾಮನಿಗೆ ಆದ ವಿಧಿ. ಬ್ರಿತ್ ಎಂದರೆ ಒಡಂಬಡಿಕೆ, ಮಿಲಾ ಎಂದರೆ ಸುನ್ನತಿ. ಹುಟ್ಟಿದ ದಿನವನ್ನೂ ಸೇರಿಸಿಯೇ ಎಂಟನ್ನು ಎಣಿಸುವರು. ಅವರಿಗೆ ದಿನವು ಸೂರ್ಯಾಸ್ತದಿಂದ ಮೊದಲಾಗುವುದರಿಂದ, ಮಂಗಳವಾರ ಹಗಲು ಹುಟ್ಟಿದ ಮಗುವಿಗೆ ಮುಂದಿನ ಮಂಗಳವಾರವೂ, ಅದೇ ದಿನ ಕತ್ತಲಾದ ಮೇಲೆ ಹುಟ್ಟಿದ ಮಗುವಿಗೆ ಬುಧವಾರವೂ ಬರುತ್ತದೆ. ಮಗುವಿಗೆ ಕಾಮಾಲೆಯೋ ಬೇರೆ ಕಾಯಿಲೆಯೋ ಇದ್ದರೆ ಗುಣವಾಗುವವರೆಗೆ ಮುಂದಕ್ಕೆ ಹಾಕಲೇಬೇಕು. ಪ್ರಾಣದ ಮುಂದೆ ವಿಧಿ ನಿಲ್ಲತಕ್ಕದ್ದು. ಪ್ರಕಟಣೆಯಲ್ಲಿನ 'ದೈವೇಚ್ಛೆಯಿದ್ದರೆ', 'ಸಕಾಲದಲ್ಲಿ' ಎಂಬ ಮಾತುಗಳಿಗೆ ಇದೇ ಕಾರಣ. ಅವು ಅಲಂಕಾರಕ್ಕಾಗಿ ಬಂದವಲ್ಲ. ಚೊಚ್ಚಲ ಮಗನಾದರೆ ಒಂದು ತಿಂಗಳು ಕಳೆದ ಮೇಲೆ, ಮೂವತ್ತೊಂದನೆಯ ದಿನ, ಐದು ಶೆಕೆಲ್ ಬೆಳ್ಳಿಯನ್ನು ಯಾಜಕವಂಶದವನೊಬ್ಬನಿಗೆ ಕೊಟ್ಟು ಮಗನನ್ನು ಬಿಡಿಸಿಕೊಳ್ಳುವ ಪಿದ್ಯೋನ್ ಹಬೆನ್ ಎಂಬ ಇನ್ನೊಂದು ಕರ್ಮವುಂಟು. ಅದರ ಮಾತು ಈಗ ಬೇಡ.

ಕರೆಯಬಾರದೆಂಬ ನಿಯಮಕ್ಕೆ ಬರೋಣ. ಬಾಬಿಲೋನಿನ ತಾಲ್ಮೂದಿನ ಪೆಸಾಖೀಮ್ ಎಂಬ ಭಾಗದಲ್ಲಿ, ದೇವಲೋಕದಿಂದಲೇ ಬಹಿಷ್ಕೃತರಾದವರಿಗೆ ಸಮಾನರೆಂದು ಏಳು ಬಗೆಯ ಜನರನ್ನು ಎಣಿಸಿದೆ. ಕೆಲವರ ಮತದಂತೆ ಆ ಪಟ್ಟಿಗೆ ಇನ್ನೊಬ್ಬನೂ ಸೇರುತ್ತಾನೆ: ಧರ್ಮಕಾರ್ಯದ ಪಂಕ್ತಿಯಲ್ಲಿ ಕೂರದವನು. ಯಾವ ಪಂಕ್ತಿಯೆಂಬುದನ್ನು ಅಲ್ಲಿ ಬಿಡಿಸಿ ಹೇಳಿಲ್ಲ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಫ್ರಾನ್ಸ್ ಜರ್ಮನಿಗಳಲ್ಲಿದ್ದ ತೋಸಾಫೋತ್ ಎಂಬ ಟಿಪ್ಪಣಿಗಳ ಕರ್ತರು ಅದನ್ನು ಸುನ್ನತಿಯ ಔತಣವೆಂದು ನಿಶ್ಚಯಿಸಿದರು. 1572ರಲ್ಲಿ ತೀರಿಕೊಂಡ ಕ್ರಾಕೋವಿನ ಮೋಶೆ ಇಸ್ಸೆರ್ಲೆಸ್ ಎಂಬ ಧರ್ಮಶಾಸ್ತ್ರಿಯು ಈ ಮಾತನ್ನು ತನ್ನ ನಿಬಂಧಗ್ರಂಥದಲ್ಲಿ ಸೇರಿಸಿದ ಮೇಲೆ ಅದು ಪೂರ್ವ ಯೂರೋಪಿನ ಮನೆಮನೆಗೂ ತಿಳಿದ ವಿಷಯವಾಯಿತು. ಪಂಕ್ತಿಯಲ್ಲಿರುವವರು ಯೋಗ್ಯರಲ್ಲದಿದ್ದರೆ ಅಲ್ಲಿ ಕೂರಬೇಕಾದ ಕಟ್ಟಿಲ್ಲವೆಂದೂ ಆತನೇ ವಿನಾಯಿತಿ ಕೊಟ್ಟಿದ್ದಾನೆ. ಈ ವಿನಾಯಿತಿಯನ್ನು ಓದಿದಾಗ ನನಗೆ ನಗು ಬಂದಿತು. ಯಾವ ದೇಶದ ಶಾಸ್ತ್ರಕಾರನೂ ಊಟದ ಮನೆಯನ್ನು ಕಣ್ಣಾರೆ ಕಂಡವನೇ.

ಈಗ ಗೃಹಸ್ಥನ ಕಷ್ಟವನ್ನು ನೋಡಿರಿ. ನೂರು ಜನಕ್ಕೆ ದಯಮಾಡಿಸಿರೆಂದು ಬರೆದನೆನ್ನಿ. ಒಬ್ಬನಿಗೆ ಅಂಗಡಿಯ ಕೆಲಸ, ಒಬ್ಬನಿಗೆ ಜ್ವರ, ಒಬ್ಬನು ಪರಸ್ಥಳದಲ್ಲಿದ್ದಾನೆ. ಕರೆದ ಮೇಲೆ ಬಾರದೆ ಹೋದರೆ ಅವರು ದೇವರ ಕರೆಯನ್ನೇ ನಿರಾಕರಿಸಿದಂತಾಗುವುದು. ತನ್ನ ಮನೆಯ ಸಂತೋಷವು ಸ್ನೇಹಿತನ ತಲೆಯ ಮೇಲೆ ದೋಷವಾಗಿ ಬೀಳುವುದನ್ನು ಯಾವ ಗೃಹಸ್ಥನು ಸಹಿಸುವನು? ಆದುದರಿಂದ ಕರೆಯದೆ ತಿಳಿಸುವ ರೂಢಿ ಬಂತು. ಊರಿನ ಸಭಾಮಂದಿರದ ಸೇವಕನು ಔತಣಕ್ಕೆ ಬನ್ನಿರೆಂದು ಹೇಳಕೂಡದು, ಇಂಥ ಹೊತ್ತಿಗೆ ಇಂಥಲ್ಲಿ ಬ್ರಿತ್ ಎಂದು ಮಾತ್ರ ತಿಳಿಸಬೇಕೆಂಬ ಅಭಿಪ್ರಾಯವು ಹತ್ತೊಂಬತ್ತನೆಯ ಶತಮಾನದ 'ಪಿತ್ಖೇ ತೆಶುವಾ' ಎಂಬ ಸಂಗ್ರಹದಲ್ಲಿ ಶಾಸ್ತ್ರರೂಪವನ್ನೇ ಪಡೆದಿದೆ. ಬರುವವನು ತಾನಾಗಿ ಬಂದು ಪುಣ್ಯವನ್ನು ಪಡೆಯಲಿ. ಬಾರದವನಿಗೆ ದೋಷ ತಟ್ಟದಿರಲಿ. ಕ್ರಿಯಾಪದವೊಂದನ್ನು ಬದಲಾಯಿಸಿದ ಮಾತ್ರಕ್ಕೆ ದೋಷ ತಪ್ಪೀತೇ, ಇದು ಶಾಸ್ತ್ರದ ಕಣ್ಣಿಗೆ ಮಣ್ಣೆರಚುವ ಯುಕ್ತಿಯಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬರುವಂತೆ ಬಲವಂತಪಡಿಸುವುದು ಒಂದು ಬಗೆಯ ಮರ್ಯಾದೆಯಾದರೆ, ಬಾರದಿರುವವನ ಮಾನವನ್ನು ಮೊದಲೇ ಕಾಪಾಡಿಕೊಡುವುದು ಇನ್ನೊಂದು ಬಗೆಯದು; ಎರಡನೆಯದು ಕಷ್ಟತರವಾದುದು.

ಆದರೆ ತಿಳಿಸುವುದೂ ಅಪಾಯವಾಗಿದ್ದ ಕಾಲವೊಂದಿತ್ತು. ಕ್ರಿಸ್ತಪೂರ್ವ 167ರ ಸುಮಾರಿನಲ್ಲಿ ಸಿರಿಯದ ಅರಸನಾದ ನಾಲ್ಕನೆಯ ಆಂಟಿಯೋಕಸನು ಯೆಹೂದ್ಯರ ಆಚಾರಗಳನ್ನು ನಿಷೇಧಿಸಿದಾಗ, ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಂದು, ಕೂಸುಗಳನ್ನು ಕೊರಳಿಗೆ ನೇತುಹಾಕಿದರೆಂದು ಮಕ್ಕಬಿಯರ ಮೊದಲನೆಯ ಗ್ರಂಥವು ತಿಳಿಸುತ್ತದೆ. ಮುನ್ನೂರು ವರ್ಷಗಳ ತರುವಾಯ ರೋಮಿನ ಚಕ್ರವರ್ತಿ ಹೇಡ್ರಿಯನನ ಕಾಲದಲ್ಲಿ ಅದೇ ಕಥೆ ಮರುಕಳಿಸಿತು. ಸುನ್ನತಿಯ ನಿಷೇಧವೇ 132ರ ಬರ್ ಕೊಖ್ಬನ ದಂಗೆಗೆ ಕಾರಣವೋ, 135ರಲ್ಲಿ ದಂಗೆಯಡಗಿದ ಮೇಲೆ ದಂಡನೆಯಾಗಿ ನಿಷೇಧ ಬಂತೋ ಎಂಬ ವಿಷಯದಲ್ಲಿ ಚರಿತ್ರಕಾರರಿಗೆ ಏಕಾಭಿಪ್ರಾಯವಿಲ್ಲ. ನಿಷೇಧದ ನೆನಪು ಮಾತ್ರ ತಾಲ್ಮೂದಿನಲ್ಲಿ ಅಳಿಸಲಾರದಂತೆ ಉಳಿದಿದೆ.

ಆ ನೆನಪಿನ ಒಂದು ತುಣುಕು ಸನ್ಹೆದ್ರಿನ್ ಎಂಬ ಭಾಗದಲ್ಲಿದೆ. ಬುರ್ನಿ ಎಂಬ ಊರಿನಲ್ಲಿ ಬೀಸುವ ಕಲ್ಲಿನ ಸದ್ದು ಕೇಳಿದರೆ ಅದು 'ಮಗನ ವಾರ'ವೆಂದು ಸಾರಿದಂತೆ. ಬೆರೋರ್ ಖಾಯಿಲ್ ಎಂಬ ಊರಿನಲ್ಲಿ ದೀಪ ಕಂಡರೆ ಅಲ್ಲಿ ಔತಣವೆಂದು ಸಾರಿದಂತೆ. ಮೂಲದಲ್ಲಿರುವುದು ಇಷ್ಟೇ. ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ತ್ರ್ವಾ ಪಟ್ಟಣದಲ್ಲಿದ್ದ ಮಹಾವ್ಯಾಖ್ಯಾನಕಾರ ರಾಶಿಯು ಇದರ ಮರ್ಮವನ್ನು ಬಿಡಿಸಿದ್ದಾನೆ. ಅರಸರು ಸುನ್ನತಿಯನ್ನು ನಿಷೇಧಿಸಿದ್ದುದರಿಂದ ಬಾಯಿಬಿಟ್ಟು ಸಾರಲು ಜನರು ಹೆದರಿದರು; ಅದಕ್ಕೆ ಬದಲಾಗಿ ಈ ಸಂಕೇತಗಳನ್ನು ಇಟ್ಟುಕೊಂಡರು. ಬೀಸುವ ಕಲ್ಲೇ ಏಕೆ? ಮಗುವಿನ ಗಾಯಕ್ಕೆ ಹಚ್ಚುವ ಔಷಧವನ್ನು ಅರೆಯಬೇಕಷ್ಟೆ. ಕಲ್ಲಿನ ಸದ್ದು ಅದನ್ನು ಸೂಚಿಸುವುದು.

ಈ ವಾಕ್ಯದ ಮೇಲೆ ಒಂದು ಕ್ಷಣ ನಿಲ್ಲಬೇಕು. ಬೀಸುವ ಕಲ್ಲಿನ ಸದ್ದು ಹಳ್ಳಿಯಲ್ಲಿ ಅತ್ಯಂತ ಸಾಮಾನ್ಯವಾದುದು. ರೋಮಿನ ಸಿಪಾಯಿಯು ಬೀದಿಯಲ್ಲಿ ಹೋಗುತ್ತಿದ್ದರೆ ಅವನ ಕಿವಿಗೆ ಯಾವಳೋ ಹೆಂಗಸು ಹಿಟ್ಟು ಬೀಸುತ್ತಿದ್ದಾಳೆ, ಅಷ್ಟೆ. ಪಕ್ಕದ ಮನೆಯವನಿಗೆ ಅದೇ ಸದ್ದಿನಲ್ಲಿ ಸಮಾಚಾರವೆಲ್ಲ ತಿಳಿಯಿತು: ಗಂಡು ಮಗು ಹುಟ್ಟಿದೆ, ಎಂಟು ದಿನ ತುಂಬಿದೆ, ತಂದೆತಾಯಿಗಳು ಪ್ರಾಣವನ್ನು ಪಣವಾಗಿಟ್ಟಿದ್ದಾರೆ. ಹೋಗುವುದೂ ಬಿಡುವುದೂ ಅವನಿಗೆ ಸೇರಿದ್ದು. ಕಲ್ಲು ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ. ಹೋಗದವನನ್ನು ಹೇಡಿಯೆನ್ನಲೂ ಇಲ್ಲ. ಇಂದಿನ ಪ್ರಕಟಣೆಯ ನಿಯಮವು ಈ ಕಲ್ಲಿನಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ. ಶಾಸ್ತ್ರಕಾರರು ಹೇಳುವ ಕಾರಣವು ಬೇರೆಯೆಂಬುದನ್ನು ಆಗಲೇ ನೋಡಿದೆವು. ಆದರೂ ಕರೆಯದೆ ತಿಳಿಸುವ ರೀತಿಗೆ ಇದಕ್ಕಿಂತ ಹಳೆಯ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಅದೇ ಕಾಲದ ಹತಾಶೆಯ ಧ್ವನಿಯೊಂದು ಬಾವಾ ಬತ್ರಾ ಎಂಬ ಭಾಗದಲ್ಲಿ ಕೇಳಿಸುತ್ತದೆ. ಎಲೀಷನ ಮಗನಾದ ಇಷ್ಮಾಯೇಲನೆಂಬ ಗುರುವು, ಮಗನ ವಾರಕ್ಕೆ ಹೋಗಲೂ ಬಿಡದ ದುಷ್ಟ ಪ್ರಭುತ್ವದ ಕೆಳಗೆ ನ್ಯಾಯವಾಗಿ ನಾವು ಮದುವೆಯಾಗಿ ಮಕ್ಕಳನ್ನು ಪಡೆಯುವುದನ್ನೇ ಬಿಡಬೇಕಾಗಿತ್ತು, ಆಗ ಅಬ್ರಹಾಮನ ಸಂತತಿಯು ತಾನಾಗಿ ಮುಗಿದುಹೋಗುತ್ತಿತ್ತು ಎನ್ನುತ್ತಾನೆ. ಆದರೆ ಜನರು ಆ ಮಾತಿಗೆ ಒಪ್ಪಲಾರರೆಂಬುದನ್ನು ಬಲ್ಲವನಾಗಿ, ಅವರನ್ನು ಅವರ ಪಾಡಿಗೆ ಬಿಡುವುದೇ ಮೇಲೆಂದು ತೀರ್ಮಾನಿಸುತ್ತಾನೆ. ಜನರು ಮದುವೆಯಾದರು; ಮಕ್ಕಳನ್ನು ಪಡೆದರು; ಕಲ್ಲುಗಳು ತಿರುಗಿದವು.

ಕಡೆಗೆ, 138ರಿಂದ 161ರವರೆಗೆ ಆಳಿದ ಆಂಟೊನೈನಸ್ ಪಯಸ್ ಚಕ್ರವರ್ತಿಯು, ಯೆಹೂದ್ಯರು ತಮ್ಮ ಸ್ವಂತ ಗಂಡುಮಕ್ಕಳಿಗೆ ಮಾತ್ರ ಸುನ್ನತಿ ಮಾಡಿಸಬಹುದೆಂದು ಅಪ್ಪಣೆಯಿತ್ತನು. ಈ ಅಪ್ಪಣೆಯು ಜಸ್ಟಿನಿಯನ್ನನ ನ್ಯಾಯಸಂಗ್ರಹದಲ್ಲಿ ಉಳಿದುಬಂದಿದೆ. ಜನರ ಕಲ್ಪನೆಯು ಇದಕ್ಕೊಂದು ಕಥೆಯನ್ನು ಕಟ್ಟಿತು: ಮುಂದೆ ಮಿಷ್ನಾ ಗ್ರಂಥವನ್ನು ಸಂಕಲಿಸಿದ ಯೆಹೂದ ಗುರುವು ಕೂಸಾಗಿದ್ದಾಗ, ನಿಷೇಧವನ್ನು ಮೀರಿ ಸುನ್ನತಿಯಾಯಿತೆಂಬ ದೂರು ರೋಮಿಗೆ ಹೋಯಿತಂತೆ, ವಿಚಾರಣೆಗೆ ಹೊರಟ ತಾಯಿಗೆ ದಾರಿಯಲ್ಲಿ ರೋಮನ್ ಸ್ತ್ರೀಯೊಬ್ಬಳು ಕನಿಕರದಿಂದ ತನ್ನ ಕೂಸಾದ ಆಂಟೊನೈನಸನನ್ನೇ ಕೊಟ್ಟು ಕಳುಹಿಸಿ, ಇವಳ ಕೂಸನ್ನು ತಾನು ಇಟ್ಟುಕೊಂಡಳಂತೆ. ಪಯಸ್ ಚಕ್ರವರ್ತಿ ಹುಟ್ಟಿದ್ದು 86ರಲ್ಲಿ. ವರ್ಷಗಳ ಲೆಕ್ಕದ ಮುಂದೆ ಕಥೆ ನಿಲ್ಲದು. ಆದರೆ ಇಬ್ಬರು ತಾಯಂದಿರು ದಾರಿಯಲ್ಲಿ ಕೂಸುಗಳನ್ನು ಬದಲಾಯಿಸಿಕೊಂಡರೆಂಬ ಕಥೆಯನ್ನು ಕಟ್ಟಿದವರ ಮನಸ್ಸಿನ ಮೇಲೆ ಆ ನಿಷೇಧವು ಎಷ್ಟು ಆಳವಾಗಿ ಬರೆ ಹಾಕಿತ್ತೆಂಬುದು ಇದರಿಂದ ತಿಳಿಯುತ್ತದೆ.

'ಮಗನ ವಾರ', ಹೀಬ್ರೂವಿನಲ್ಲಿ ಶಾವುವ ಹಬೆನ್, ಎಂಬ ಈ ಮಾತಿಗೆ ಹಳೆಯ ಗ್ರಂಥಗಳಲ್ಲಿ ಯೆಶುವ ಹಬೆನ್, ಎಂದರೆ 'ಮಗನ ಬಿಡುಗಡೆ', ಎಂಬ ಪಾಠಾಂತರವೂ ಜೊತೆಯಲ್ಲಿಯೇ ಇದೆ. ಒಂದಕ್ಷರದ ವ್ಯತ್ಯಾಸದ ಮೇಲೆ ವ್ಯಾಖ್ಯಾನಗಳು ಬೆಳೆದವು. ಹನ್ನೆರಡನೆಯ ಶತಮಾನದ ರಬ್ಬೇನು ತಾಮ್ ಎಂಬ ಗುರುವಿನ ಮತದಲ್ಲಿ, ಬಿಡುಗಡೆಯೆಂದರೆ ಮಗು ತಾಯಿಯ ಗರ್ಭದಿಂದ ಕ್ಷೇಮವಾಗಿ ಹೊರಬಂದದ್ದು, ಅದಕ್ಕಾಗಿ ಔತಣ. ಆಸ್ಟ್ರಿಯದಲ್ಲಿದ್ದು 1460ರಲ್ಲಿ ಗತಿಸಿದ ಇಸ್ರಾಯೇಲ್ ಇಸ್ಸೆರ್ಲೈನನು, ಮಗು ಹುಟ್ಟಿದ ಮೇಲಣ ಶುಕ್ರವಾರ ರಾತ್ರಿ ನೆರೆಹೊರೆಯವರು ಬಂದು ಸೇರುವ ತನ್ನ ಕಾಲದ ವಾಡಿಕೆಗೆ ಈ ಮಾತನ್ನೇ ಆಧಾರವಾಗಿ ಕೊಟ್ಟನು. ಶುಕ್ರವಾರ ರಾತ್ರಿಯೇ ಏಕೆಂದರೆ, ಸಬ್ಬತ್ತಿನ ಆ ರಾತ್ರಿ ಎಲ್ಲರೂ ಮನೆಯಲ್ಲಿಯೇ ಇರುತ್ತಾರೆ. ಇದೇ ಶಾಲೋಮ್ ಜಾಖಾರ್. ಇದಕ್ಕಂತೂ ಕರೆಯುವ ಪ್ರಶ್ನೆಯೇ ಇಲ್ಲ; ಬಾಗಿಲು ತೆರೆದಿರುತ್ತದೆ, ಕೇಳಿದವರು ಬರುತ್ತಾರೆ.

ಆ ರಾತ್ರಿ ಬಂದವರ ಮುಂದೆ ಇಡುವ ತಿಂಡಿ ಬೇಯಿಸಿದ ಕಡಲೆಕಾಳು. ಇದಕ್ಕೆ ಕಾರಣವನ್ನು ಕೇಳಿದರೆ ಶ್ರೋತೃಗಳು ಮತ್ತೆ ಆಶ್ಚರ್ಯಪಟ್ಟಾರು. ಗರ್ಭದಲ್ಲಿರುವ ಶಿಶುವಿಗೆ ಧರ್ಮಶಾಸ್ತ್ರವೆಲ್ಲ ಕಲಿತು ಬಾಯಿಗೆ ಬಂದಿರುತ್ತದೆಯಂತೆ. ಹುಟ್ಟುವ ಕ್ಷಣದಲ್ಲಿ ದೇವದೂತನೊಬ್ಬನು ಬಂದು ಬಾಯಿಯ ಮೇಲೆ ತಟ್ಟುವನು, ಕಲಿತದ್ದೆಲ್ಲ ಮರೆತುಹೋಗುವುದು. ಅಷ್ಟು ವಿದ್ಯೆಯನ್ನು ಕಳೆದುಕೊಂಡ ಕೂಸನ್ನು ಸಂತೈಸಲು ನೆರೆಯವರು ಬರುತ್ತಾರೆ. ಸಾವಿನ ಮನೆಯಲ್ಲಿ ತಿನ್ನುವಂಥ ಗುಂಡನೆಯ ಕಾಳನ್ನು ತಿನ್ನುತ್ತಾರೆ. ಹದಿನೇಳನೆಯ ಶತಮಾನದ ಪೋಲೆಂಡಿನ ದಾವೀದ್ ಹಲೇವಿಯು ಹಿಂದಿನವರ ಈ ವಿವರಣೆಯನ್ನು ದಾಖಲೆಮಾಡಿದ್ದಾನೆ. ಹುಟ್ಟಿದ ಮನೆಗೆ ಸಂತಾಪಕ್ಕೆ ಹೋಗುವ ಈ ಕಲ್ಪನೆಯು ಶಾಸ್ತ್ರವೋ ವಿನೋದವೋ ನಾನು ಹೇಳಲಾರೆ. ಹೆಣ್ಣು ಹುಟ್ಟಿದ ಮನೆಗೆ ಈ ರಾತ್ರಿಯ ಗೌರವವಿಲ್ಲ. ಅವಳು ಕಳೆದುಕೊಂಡ ವಿದ್ಯೆಗೆ ಅಳುವವರಾರೆಂದು ಕೇಳಬೇಕೆನಿಸುತ್ತದೆ. ಸ್ಪೇನಿನ ಮೂಲದ ಯೆಹೂದ್ಯರು ಹೆಣ್ಣುಮಗುವಿಗೂ ಜೆವೆದ್ ಹಬತ್ ಎಂಬ ನಾಮಕರಣದ ಸಂತೋಷವನ್ನು ಬಹುಕಾಲದಿಂದ ಇಟ್ಟುಕೊಂಡು ಬಂದಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಇತರರಲ್ಲಿಯೂ ಅಂಥದು ಬೆಳೆಯಿತು.

ಎಂಟನೆಯ ದಿನದ ಹಿಂದಿನ ರಾತ್ರಿಯನ್ನು ಜರ್ಮನಿಯ ಕಡೆಯವರು ಕಾವಲಿನ ರಾತ್ರಿಯೆಂದು ಕರೆದರು. ಆ ಸಂಜೆ ನೆರೆಯ ಚಿಕ್ಕ ಮಕ್ಕಳು ಬಾಣಂತಿಯ ಮನೆಗೆ ಹೋಗಿ ಶೆಮಾ ಎಂಬ ಪ್ರಾರ್ಥನೆಯನ್ನು ಒಟ್ಟಾಗಿ ಹೇಳಿ, ಸೆರಗು ತುಂಬ ಮಿಠಾಯಿಯನ್ನು ಪಡೆದು ಬರುವರು. ನಾಳೆ ಬ್ರಿತ್ ಎಂಬುದು ಬೀದಿಗೆಲ್ಲ ತಿಳಿಯಲು ಬೇರೆ ಪತ್ರಿಕೆ ಬೇಕಿರಲಿಲ್ಲ. ಅಚ್ಚಿನ ಪ್ರಕಟಣೆ ಬಂದದ್ದು ಬೀದಿಗಳು ದೊಡ್ಡವಾದ ಮೇಲೆ.

ನಮ್ಮ ಕರಾವಳಿಗೂ ಈ ವಿಷಯಕ್ಕೂ ಒಂದು ಎಳೆಯ ಸಂಬಂಧವುಂಟು. ಟ್ಯುನೀಸಿಯದ ಮಹದೀಯದಿಂದ ಬಂದ ಅಬ್ರಹಾಮ್ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಬಹುಕಾಲ ವಾಸವಾಗಿದ್ದನು. 1132ನೆಯ ಅಕ್ಟೋಬರಿನಲ್ಲಿ ಅವನು ಅಶು ಎಂಬ ದಾಸಿಯನ್ನು ಮಂಗಳೂರಿನಲ್ಲಿ ಬಿಡುಗಡೆಮಾಡಿ, ಆಶೀರ್ವಾದವೆಂಬ ಅರ್ಥದ ಬೆರಾಖಾ ಎಂಬ ಹೆಸರನ್ನು ಕೊಟ್ಟ ಪತ್ರವು ಕೈರೋವಿನ ಪ್ರಾಚೀನ ಸಭಾಮಂದಿರದ ಉಗ್ರಾಣದಲ್ಲಿ ದೊರೆತಿದೆ. ಅವನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರ ಅಭಿಪ್ರಾಯ. 1149ರಲ್ಲಿ ಏಡನ್ನಿಗೆ ಮರಳಿದ ಮೇಲೆ, ಬಹುಕಾಲ ಅಗಲಿದ್ದ ಒಡಹುಟ್ಟಿದವರಿಗೆ ಬರೆದ ಕಾಗದದಲ್ಲಿ ತನಗೊಬ್ಬ ಮಗನೂ ಒಬ್ಬ ಮಗಳೂ ಇರುವುದನ್ನು ಅವನು ತಿಳಿಸಿದ್ದಾನೆ. ಮುಂದಿನ ಕಾಗದದಲ್ಲಿ ಮಗನಿಲ್ಲ. ಮಗಳು ಉಳಿದು, 1156ರಲ್ಲಿ ಈಜಿಪ್ಟಿನಲ್ಲಿ ಸೋದರನ ಮಗನನ್ನು ಮದುವೆಯಾದಳು. ಇನ್ನು ನೆರೆಯ ಕೊಂಕಣದಲ್ಲಿ ಗಾಣಿಗರಾಗಿದ್ದು, ಶನಿವಾರ ಗಾಣ ಕಟ್ಟದವರೆಂಬ ಕಾರಣದಿಂದ ಶನಿವಾರ ತೇಲಿಗಳೆನಿಸಿಕೊಂಡ ಬೆನೆ ಇಸ್ರಾಯೇಲರು ಹೀಬ್ರೂ ಭಾಷೆಯನ್ನೂ ಗ್ರಂಥಗಳನ್ನೂ ಶತಮಾನಗಳ ಕಾಲ ಮರೆತಿದ್ದರೂ ಎಂಟನೆಯ ದಿನವನ್ನು ಮರೆಯಲಿಲ್ಲ.

ಪತ್ರಿಕೆಯಲ್ಲಿ ಮಗುವಿನ ಹೆಸರೇಕಿಲ್ಲವೆಂಬ ಪ್ರಶ್ನೆ ಉಳಿಯಿತು. ಸುನ್ನತಿಯಾದ ಮೇಲೆ, ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ಹರಸುವಾಗಲೇ ಹೆಸರನ್ನು ಮೊದಲ ಬಾರಿ ಸಭೆಯಲ್ಲಿ ಉಚ್ಚರಿಸುವುದು. ಅದುವರೆಗೆ ತಂದೆತಾಯಿಗಳು ಅದನ್ನು ಯಾರಿಗೂ ಹೇಳದೆ ತಮ್ಮಲ್ಲಿಯೇ ಇಟ್ಟುಕೊಳ್ಳುವುದು ವಾಡಿಕೆ. ಪ್ರಕಟಣೆಯು ಅದಕ್ಕಿಂತ ಮುಂಚಿನದಾದುದರಿಂದ ಅದರಲ್ಲಿ ಹೆಸರಿರುವಂತಿಲ್ಲ. ಇಂಥವರ ಮಗನೆಂದಷ್ಟೇ ತಿಳಿಯುತ್ತದೆ.

ಹೆಸರನ್ನು ಬರೆಯುವ ಸ್ಥಳ ಬೇರೆಯಿತ್ತು. ಜರ್ಮನಿಯ ಯೆಹೂದ್ಯರಲ್ಲಿ ಸುನ್ನತಿಯ ಹೊತ್ತಿನಲ್ಲಿ ಕೂಸನ್ನು ಸುತ್ತಿದ್ದ ಬಟ್ಟೆಯನ್ನು ಎಸೆಯುತ್ತಿರಲಿಲ್ಲ. ಅದನ್ನು ಒಗೆದು, ನಾಲ್ಕು ಪಟ್ಟಿಗಳಾಗಿ ಕತ್ತರಿಸಿ, ಕೊನೆಗೆ ಕೊನೆ ಸೇರಿಸಿ ಹೊಲಿದು, ಸುಮಾರು ಹತ್ತು ಅಡಿ ಉದ್ದದ ಪಟ್ಟಿಯನ್ನು ಮಾಡುವರು. ಮನೆಯ ಹೆಂಗಸರು ಅದರ ಮೇಲೆ ಬಣ್ಣದ ದಾರದಿಂದ ಕಸೂತಿ ಹಾಕುವರು: ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ವಾರ, ತಿಂಗಳು, ವರ್ಷ, ಮತ್ತು ಈ ಮಗುವು ಶಾಸ್ತ್ರಾಭ್ಯಾಸಕ್ಕೂ ಮದುವೆಯ ಚಪ್ಪರಕ್ಕೂ ಸತ್ಕಾರ್ಯಗಳಿಗೂ ಬೆಳೆಯಲೆಂಬ ಹಾರೈಕೆ. ಅಕ್ಷರಗಳ ನಡುವೆ ಮೀನು, ಸಿಂಹ, ಹೂಬಳ್ಳಿ, ಚಪ್ಪರದ ಕೆಳಗೆ ನಿಂತ ಪುಟ್ಟ ವಧೂವರರು. ಹುಡುಗನಿಗೆ ಮೂರು ವರ್ಷವಾದಾಗ ತಂದೆಯು ಅವನನ್ನು ಎತ್ತಿಕೊಂಡು ಹೋಗಿ, ಸಭಾಮಂದಿರದ ಧರ್ಮಗ್ರಂಥದ ಸುರುಳಿಗೆ ಆ ಪಟ್ಟಿಯನ್ನು ಸುತ್ತಿಸುವನು. ಇದೇ ವಿಂಪೆಲ್. ಊರಿನ ಒಂದೊಂದು ಗಂಡು ಮಗುವಿಗೂ ಒಂದೊಂದು ಪಟ್ಟಿಯಿದ್ದುದರಿಂದ ಸಭಾಮಂದಿರದ ಪೆಟ್ಟಿಗೆಗಳಲ್ಲಿ ಇಡೀ ಊರಿನ ಜನನದ ಲೆಕ್ಕವೇ ಸುತ್ತಿಟ್ಟಂತೆ ಇರುತ್ತಿತ್ತು. 1938ನೆಯ ನವೆಂಬರ್ 9ರ ರಾತ್ರಿ ಜರ್ಮನಿಯ ಸಭಾಮಂದಿರಗಳಿಗೆ ಬೆಂಕಿಯಿಟ್ಟಾಗ ಇಂಥ ಪಟ್ಟಿಗಳೆಷ್ಟೋ ಸುಟ್ಟುಹೋದವು. ಉಳಿದವು ಈಗ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಇವೆ. ಒಂದೊಂದರಲ್ಲಿಯೂ ಇಂಥವನ ಮಗ ಇಂಥವನು ಇಂಥ ದಿನ ಹುಟ್ಟಿದನೆಂಬುದು ಎಲ್ಲರಿಗೂ ಓದುವಂತೆ ಇದೆ. ಬಟ್ಟೆಯ ಅಂಚಿನಲ್ಲಿ ಕೆಲವೆಡೆ ಹಾಲಿನ ಕಲೆಯೋ ದ್ರಾಕ್ಷಾರಸದ ಕಲೆಯೋ ತಿಳಿಯದ ಒಂದು ಗುರುತು.